ಹಂದಿ ಹೊಡೆದ ಅಯ್ಯನವರು

ಹರಪನಹಳ್ಳಿಯ ತಾಲ್ಲೂಕು ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಪಕ್ಕದ ಬೇವಿನ ಮರದ ಕೆಳಗೆ ಒಂದು ಮೇಜು, ಒಂದು ಕಬ್ಬಿಣದ ಕುರ್ಚಿ ಹಾಕಿಕೊಂಡು ನಾನು ಅರ್ಜಿ ಬರೆಯಲು ಕೂತು ಇಪ್ಪತ್ತೆರಡು ವರ್ಷವಾಯಿತು. ಹೆಸರು ನಾಗೇಂದ್ರಪ್ಪ. ನಮ್ಮ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲನೆಯವನು ನಾನು. ಪಹಣಿ ತಿದ್ದುಪಡಿ, ವಿಧವಾ ವೇತನ, ಪಂಪ್‌ಸೆಟ್ಟಿನ ಕರೆಂಟು, ಹುಟ್ಟಿದ ದಿನಾಂಕದ ದಾಖಲೆ, ಹೀಗೆ ಸಾವಿರಗಟ್ಟಲೆ ಅರ್ಜಿ ಬರೆದಿದ್ದೇನೆ. ಅವುಗಳಲ್ಲಿ ಒಂದು ಅರ್ಜಿಯ ಒಂದು ಪದ ನನ್ನನ್ನು ಇವತ್ತಿಗೂ ನೆಮ್ಮದಿಯಾಗಿ ಉಣ್ಣಲು ಬಿಡುವುದಿಲ್ಲ. ಆ ಪದ ತಪ್ಪಾಗಿದ್ದರೆ ನನ್ನ ಕಪಾಳಕ್ಕೆ ನಾನೇ ಬಡಿದುಕೊಂಡು ಸುಮ್ಮನಾಗುತ್ತಿದ್ದೆ. ಪದ ಸರಿಯಾಗಿತ್ತು. ಅದಕ್ಕೇ ಸಿಟ್ಟು ಇಳಿಯುತ್ತಿಲ್ಲ.

ಆ ಅರ್ಜಿ ಚಿಗಟೇರಿ ಕಡೆಯ ವೀರಭದ್ರಯ್ಯನವರದು. ಜಂಗಮರು. ಮದುವೆಗೆ, ಗೃಹಪ್ರವೇಶಕ್ಕೆ, ಸತ್ತವರ ಮನೆಯ ಕಾರ್ಯಕ್ಕೆ ಸುತ್ತಲಿನ ಹತ್ತು ಊರಿನವರು ಅವರನ್ನೇ ಕರೆಯುತ್ತಿದ್ದರು. ಅರವತ್ತು ದಾಟಿದ ವಯಸ್ಸು, ಒಣಕಲು ಮೈ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಹೆಗಲಿಗೆ ಒಂದು ಬಂದೂಕು. ಹೊಸದಾಗಿ ನೋಡಿದವರಿಗೆ ನಗು ತಡೆಯುತ್ತಿರಲಿಲ್ಲ. ತತ್ತಿ ಮಾರುವ ಅಂಗಡಿಯಲ್ಲಿ ಚಹಾ ಕೂಡ ಕುಡಿಯದ ಅಯ್ಯನವರ ಹೆಗಲ ಮೇಲೆ ಬಂದೂಕು ಎಂದರೆ ಯಾರು ತಾನೇ ನಗುವುದಿಲ್ಲ? ಊರಲ್ಲಿ ಅವರಿಗೆ ತುಬಾಕಿ ಅಯ್ನೋರು ಎಂದೇ ಹೆಸರಾಗಿತ್ತು, ಹಾಗೆ ಕರೆದರೆ ಅವರೂ ಓ ಎನ್ನುತ್ತಿದ್ದರು.

ಅದು ಅವರ ತಂದೆಯ ಕಾಲದ ಒಂಟಿ ನಳಿಗೆಯ ಬಂದೂಕು. ಬಾಯಿಯ ಕಡೆಯಿಂದ ಮದ್ದು ಸುರಿದು, ಮೇಲೆ ತೆಂಗಿನ ನಾರು ತುರುಕಿ, ಕಬ್ಬಿಣದ ಗಜದಿಂದ ಜಡಿದು, ಹಿಂದೆ ಸಿಡಿಯುವ ಕೇಪು ಇಟ್ಟು ಕುದುರೆ ಎಳೆಯಬೇಕು. ಮದ್ದು ಮತ್ತು ನಾರು, ಅಷ್ಟೇ. ಗುಂಡಾಗಲಿ ಚರೆಯಾಗಲಿ ಆ ನಳಿಗೆಯೊಳಗೆ ಎಂದೂ ಹೋದದ್ದಿಲ್ಲ. ತಂದೆ ಸಾಯುವಾಗ ಇವರಿಂದ ಲಿಂಗ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದರಂತೆ, ಇದರೊಳಗೆ ಸಪ್ಪಳ ಬಿಟ್ಟು ಬೇರೇನೂ ತುಂಬಬೇಡ ಎಂದು. ಬಳ್ಳಾರಿಯಿಂದ ಪಡೆದ ಲೈಸೆನ್ಸಿನಲ್ಲಿ 'ಬೆಳೆ ರಕ್ಷಣೆಗಾಗಿ' ಎಂದು ಬರೆದಿತ್ತು, ಅಯ್ಯನವರು ಮಾಡುತ್ತಿದ್ದದ್ದೂ ಅದನ್ನೇ.

ಅವರ ನಾಲ್ಕು ಎಕರೆ ಹೊಲ ಇರುವುದು ಗುಡ್ಡದ ಬುಡದಲ್ಲಿ. ಮೊದಲು ಬಿಳಿಜೋಳ, ಆಮೇಲೆ ಎಲ್ಲರಂತೆ ಮೆಕ್ಕೆಜೋಳ. ಮೆಕ್ಕೆಜೋಳದ ತೆನೆಗೆ ಹಾಲು ತುಂಬಿತೆಂದರೆ ಗುಡ್ಡದ ಹಂದಿಗಳಿಗೆ ಹೇಗೆ ತಿಳಿಯುತ್ತದೋ ದೇವರೇ ಬಲ್ಲ, ಹಿಂಡು ಹಿಂಡಾಗಿ ಇಳಿಯುತ್ತವೆ. ತಿಂದರೆ ತಿನ್ನಲಿ ಎನ್ನಬಹುದು. ತಿನ್ನುವುದು ನಾಲ್ಕು ತೆನೆ, ಕೆಡವಿ ಹೊರಳಾಡುವುದು ನಲವತ್ತು ಸಾಲು. ಅದಕ್ಕೇ ಅಯ್ಯನವರು ಆಗಸ್ಟ್‌ನಿಂದ ಕೊಯ್ಲಿನವರೆಗೆ ಹೊತ್ತು ಮುಳುಗಿದ ಮೇಲೆ ಒಂದು ಈಡು, ಬೆಳಕು ಹರಿಯುವ ಮುಂಚೆ ಒಂದು ಈಡು ಹಾಕುತ್ತಿದ್ದರು. ಆ ಢಂ ಎನ್ನುವ ಸಪ್ಪಳ ಗುಡ್ಡಕ್ಕೆ ಬಡಿದು ತಿರುಗಿ ಬರುತ್ತಿತ್ತು. ಅವರೊಬ್ಬರ ಹೊಲವಲ್ಲ, ಅಕ್ಕಪಕ್ಕದ ಎಂಟು ಹೊಲ ಆ ಎರಡು ಈಡಿನ ಮೇಲೆ ಉಳಿಯುತ್ತಿದ್ದವು. ಬೆಳಗಿನ ಈಡು ಕೇಳಿದ ಮೇಲೇ ಅಯ್ಯನವರ ಹೆಂಡತಿ ನಾಗಲಿಂಗಮ್ಮ ಒಲೆ ಹೊತ್ತಿಸುತ್ತಿದ್ದದ್ದು.

ಒಮ್ಮೆ ಅವರ ಹೊಲಕ್ಕೆ ಹೋದಾಗ, ಇಷ್ಟು ವರ್ಷ ಬಂದೂಕು ಹಿಡಿದು ಒಂದಾದರೂ ಹಂದಿಗೆ ಗುರಿ ಇಡಬೇಕು ಅನ್ನಿಸಲಿಲ್ಲವೇ ಎಂದು ಚೇಷ್ಟೆಗೆ ಕೇಳಿದೆ. ಅವರು ಚೇಷ್ಟೆ ಎಂದು ತಿಳಿಯಲೇ ಇಲ್ಲ.

"ಅವೂ ಹೊಟ್ಟಿಗೇ ಬರ್ತಾವಪ್ಪ," ಎಂದರು. "ಬ್ಯಾರೆ ಕಡಿ ಹೋಗ್ಲಿ ಅಂತ ಹೊಡಿತೀನಿ, ಅಷ್ಟ."

ಈ 'ಹೊಡಿತೀನಿ' ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮ ಕಡೆ ದನ ಹೊಡೆದುಕೊಂಡು ಹೋಗುತ್ತೇವೆ, ಕುರಿ ಹೊಡೆದುಕೊಂಡು ಬರುತ್ತೇವೆ, ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುತ್ತೇವೆ. ದನ ಸಂಜೆಗೆ ಮನೆಗೆ ಬರುತ್ತದೆ, ಹಕ್ಕಿ ಮರುದಿನ ಮತ್ತೆ ಬರುತ್ತದೆ. ಯಾರಿಗೂ ಏನೂ ಆಗಿರುವುದಿಲ್ಲ.

ನಿಜ ಹೇಳುತ್ತೇನೆ, ನನಗೆ ಬಂದೂಕು ಎಂದರೆ ಮೊದಲಿನಿಂದ ಆಗದು. ನಮ್ಮಪ್ಪನ ಕಾಲದಲ್ಲಿ ಬಂದೂಕು ಎಂದರೆ ಊರ ದೊಡ್ಡ ಮನೆಯ ಗೋಡೆಗೆ ತೂಗುತ್ತಿದ್ದ ವಸ್ತು. ಅದರಿಂದ ಯಾರೂ ಯಾರಿಗೂ ಈಡು ಹಾಕಲಿಲ್ಲ, ಹಾಕುವ ಅಗತ್ಯವೇ ಇರಲಿಲ್ಲ. ಅದು ತೂಗುವುದನ್ನು ನೋಡಿ ನಮ್ಮವರು ಕೂಲಿ ಕೇಳದೆ ವಾಪಸು ಬರುತ್ತಿದ್ದರು. ದಾವಣಗೆರೆಯಲ್ಲಿ ನೌಕರಿಯಲ್ಲಿರುವ ನನ್ನ ಮಗ ಪ್ರಬುದ್ಧನಂತೂ ಇದ್ದಬದ್ದ ಬಂದೂಕನ್ನೆಲ್ಲ ಕಿತ್ತುಕೊಂಡು ಕರಗಿಸಬೇಕು ಎನ್ನುತ್ತಾನೆ. ನಾನು ಎದುರು ಮಾತಾಡುವುದಿಲ್ಲ. ಆದರೆ ಅಯ್ಯನವರ ಬಂದೂಕು ಆ ಜಾತಿಯದಲ್ಲ ಎಂದು ಅವನಿಗೆ ಹೇಳಿ ಹೇಳಿ ಸಾಕಾಗಿದೆ.

ಊರಿಂದ ಊರಿಗೆ ಬಂದೂಕಿನ ಅರ್ಥವೇ ಬೇರೆ. ಅಯ್ಯನವರ ಮಗಳು ವಾಣಿಶ್ರೀಯನ್ನು ನೋಡಲು ದಾವಣಗೆರೆಯಿಂದ ಒಂದು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು ಬಾಯಿಗಿಡುವ ಹೊತ್ತಿಗೆ ಗೋಡೆಯ ಮೇಲಿನ ಬಂದೂಕು ಕಣ್ಣಿಗೆ ಬಿತ್ತು. ದಾಯಾದಿಗಳ ಜಗಳ ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ, ಹಂದಿಗೆ ಎಂದರೆ ನಂಬಲಿಲ್ಲ. ತಟ್ಟೆಯಲ್ಲಿ ಅರ್ಧ ಉಪ್ಪಿಟ್ಟು ಬಿಟ್ಟು ಎದ್ದವರು ಆಮೇಲೆ ಪತ್ತೆಯಿಲ್ಲ. ಮುಂದಿನ ತಿಂಗಳು ಕೂಡ್ಲಿಗಿಯ ಆಚೆ, ಕರಡಿ ಕಾಟ ಇರುವ ಕಡೆಯಿಂದ ಇನ್ನೊಂದು ಗಂಡು ಬಂತು. ಗಂಡಿನ ತಂದೆ ಬಂದೂಕನ್ನು ಕೈಗೆತ್ತಿಕೊಂಡು, ನಳಿಗೆಯೊಳಗೆ ಕಣ್ಣಿಟ್ಟು ನೋಡಿ, ಎಣ್ಣೆ ಚೆನ್ನಾಗಿ ಹಾಕಿದ್ದೀರಿ ಎಂದು ಹೊಗಳಿ, ಅಲ್ಲೇ ಸಂಬಂಧ ಒಪ್ಪಿಕೊಂಡರು. ವಾಣಿಶ್ರೀ ಈಗ ಅದೇ ಮನೆಯಲ್ಲಿ ಸುಖವಾಗಿದ್ದಾಳೆ.

ಮೂರು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಲು ಅಯ್ಯನವರು ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೊಟ್ಟೂರಿನ ಮೇಲೆ ಬಳ್ಳಾರಿಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ಕಂಡಕ್ಟರ್ ಅದನ್ನು ಡ್ರೈವರ್ ಸೀಟಿನ ಹಿಂದೆ ನಿಲ್ಲಿಸಿಕೊಳ್ಳುತ್ತಿದ್ದ. ಬಳ್ಳಾರಿಯ ಕಚೇರಿಯಲ್ಲಿ ಹಳೆಯ ಗುಮಾಸ್ತರೊಬ್ಬರಿದ್ದರು, ಈ ಸಲ ಹಂದಿ ಹೆಂಗದಾವ್ರಿ ಸ್ವಾಮೇರ ಎಂದು ಕೇಳುತ್ತಲೇ ಮುದ್ರೆ ಒತ್ತುತ್ತಿದ್ದರಂತೆ. ತೊಂಬತ್ತೇಳರಲ್ಲಿ ನಮ್ಮ ತಾಲ್ಲೂಕನ್ನು ಬಳ್ಳಾರಿಯಿಂದ ತೆಗೆದು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ನಮಗೆಲ್ಲ ಖುಷಿ. ಬಳ್ಳಾರಿ ದೂರ, ದಾವಣಗೆರೆ ಹತ್ತಿರ. ಹತ್ತಿರವಾದದ್ದು ಬಸ್ಸಿಗೆ ಮಾತ್ರ ಎಂದು ಆಗ ಗೊತ್ತಿರಲಿಲ್ಲ.

ತೊಂಬತ್ತೊಂಬತ್ತರ ಆಗಸ್ಟ್‌ನಲ್ಲಿ ಚುನಾವಣೆ ಬಂತು. ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೆ. ಲೈಸೆನ್ಸ್ ಇರುವವರೆಲ್ಲ ಬಂದೂಕು ತಂದು ಠಾಣೆಗೆ ಒಪ್ಪಿಸಬೇಕು ಎಂದು ಡಂಗುರವಾಯಿತು. ಹಿಂದಿನ ವರ್ಷದ ಚುನಾವಣೆಗೂ ಒಪ್ಪಿಸಿದ್ದರು, ವಾಪಸು ಬಂದಿತ್ತು. ಆದರೆ ಅದು ಫೆಬ್ರವರಿ, ಹೊಲದಲ್ಲಿ ಏನೂ ಇರಲಿಲ್ಲ. ಈ ಸಲ ತೆನೆಗೆ ಹಾಲು ತುಂಬುವ ಹದಿನೈದು ದಿನದಲ್ಲೇ ಬಂದೂಕು ಹೋಯಿತು. ದೆಹಲಿಯಲ್ಲಿ ಕೂತು ದಿನ ಗೊತ್ತುಮಾಡುವವರಿಗೆ ಮೆಕ್ಕೆಜೋಳ ಯಾವಾಗ ತೆನೆ ಬಿಡುತ್ತದೆ ಎಂದು ಯಾರಾದರೂ ಹೇಳಬಾರದೇ? ಠಾಣೆಯ ದಫೇದಾರ ರಸೀದಿ ಕೊಟ್ಟು, ಬಂದೂಕಿಗೆ ಚೀಟಿ ಕಟ್ಟಿ, ಉಗ್ರಾಣಕ್ಕೆ ಇಟ್ಟ. ವೋಟು ಮುಗಿಯುವಷ್ಟರಲ್ಲಿ ಅಯ್ಯನವರ ಹೊಲದ ಮೂರನೆಯ ಒಂದು ಭಾಗ ನೆಲ ಕಚ್ಚಿತ್ತು.

ಅಕ್ಟೋಬರ್‌ನಲ್ಲಿ ಎಣಿಕೆ ಮುಗಿದು, ಗೆದ್ದವರು ಪಟಾಕಿ ಹೊಡೆದ ಮೇಲೆ ಅಯ್ಯನವರು ರಸೀದಿ ಹಿಡಿದು ಠಾಣೆಗೆ ಹೋದರು. ದಫೇದಾರ ಲೈಸೆನ್ಸ್ ತಿರುವಿ ನೋಡಿ, ಇದು ಬಳ್ಳಾರಿಯದು, ಈಗ ನೀವು ದಾವಣಗೆರೆಯವರು, ಹೊಸ ಜಿಲ್ಲೆಯ ಕಚೇರಿಯಲ್ಲಿ ಇದನ್ನು ದಾಖಲು ಮಾಡಿಸಿ ತಂದರೆ ಬಂದೂಕು ನಿಮ್ಮದು ಎಂದ. ಫೆಬ್ರವರಿಯ ಚುನಾವಣೆಯಲ್ಲೂ ಇದೇ ಲೈಸೆನ್ಸ್ ಇತ್ತಲ್ಲ ಎಂದರೆ, ಆಗ ಸುತ್ತೋಲೆ ಬಂದಿರಲಿಲ್ಲ ಎಂದ. ಅವನದೂ ತಪ್ಪಿಲ್ಲ ಬಿಡಿ. ಅಲ್ಲಿಂದ ಅಯ್ಯನವರು ಸೀದಾ ನನ್ನ ಮೇಜಿಗೆ ಬಂದರು.

ನಾಲ್ಕು ತಿಂಗಳು ಕಾಲು ಸವೆಸಿದೆವು. ಬಳ್ಳಾರಿಯವರು ಕಡತ ಕಳಿಸಿದ್ದೇವೆ ಎಂದರು. ಇಲ್ಲಿಯವರು ಬಂದಿಲ್ಲ ಎಂದರು. ಬಳ್ಳಾರಿಯ ಆ ಹಳೆಯ ಗುಮಾಸ್ತರು ನಿವೃತ್ತರಾಗಿದ್ದರು. ಒಮ್ಮೆ ದಾವಣಗೆರೆಯ ಖಾನಾವಳಿಯಲ್ಲಿ ಊಟಕ್ಕೆ ಕೂತಾಗ ಎದುರಿಗಿದ್ದ ಪ್ಯಾಂಟಿನ ಮನುಷ್ಯ, ಯಾವ ಕೆಲಸಕ್ಕೆ ಬಂದಿದ್ದೀರಿ ಎಂದು ಅಯ್ಯನವರನ್ನು ವಿಶ್ವಾಸದಿಂದ ಕೇಳಿದ. ಬಂದೂಕು ಬಿಡಿಸಿಕೊಳ್ಳಾಕ ಎಂದು ಇವರು ಅಷ್ಟೇ ವಿಶ್ವಾಸದಿಂದ ಹೇಳಿದರು. ಆತ ರೊಟ್ಟಿ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ. ಅಯ್ಯನವರು ನನ್ನ ಮುಖ ನೋಡಿ, ನಾ ಏನಂದೆ ಎಂದು ಕೇಳಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೊನೆಗೆ ಕಡತ ಸಿಗುವುದಿಲ್ಲ ಎಂದಾಯಿತು. ಹೊಸದಾಗಿ ಅರ್ಜಿ ಕೊಡಿ, ಬಂದೂಕನ್ನು ಇದುವರೆಗೆ ಯಾವ ರೀತಿ ಬಳಸಿದ್ದೀರಿ ಎಂದು ವಿವರವಾಗಿ ಬರೆದು ಕೊಡಿ ಎಂದರು. ಬೇವಿನ ಮರದ ಕೆಳಗೆ ಕೂತು ನಾನು ಪೆನ್ನು ತೆರೆದೆ, ಅಯ್ಯನವರು ಎದುರಿಗೆ ನಿಂತು ಹೇಳಿದರು.

"ಬರಿಯಪ್ಪ. ಮೂವತ್ತು ವರ್ಷದಿಂದ ಇದರಾಗ ಹಂದಿ ಹೊಡಕೋಂತ ಬಂದೀನಿ. ಒಬ್ಬ ಮನುಷ್ಯಾಗ ತ್ರಾಸು ಕೊಟ್ಟಿಲ್ಲ."

ನನಗೆ ನನ್ನ ಕನ್ನಡದ ಮೇಲೆ ಅಭಿಮಾನ. ಸಾದಾ ಮಾತನ್ನು ಸಾದಾ ಬರೆದರೆ ಕಚೇರಿಯವರು ಕಣ್ಣೆತ್ತಿ ನೋಡುವುದಿಲ್ಲ ಎಂದು ನಂಬಿದವನು. ಹಾಗಾಗಿ ಬರೆದೆ: 'ಸದರಿ ಬಂದೂಕಿನಿಂದ ಪ್ರತಿ ವರ್ಷ ಅಸಂಖ್ಯ ಕಾಡುಹಂದಿಗಳನ್ನು ಹೊಡೆದಿರುತ್ತೇನೆ.' ಆ 'ಅಸಂಖ್ಯ' ನನ್ನದು, ಅವರು ಹೇಳಿದ್ದಲ್ಲ. ಓದಿ ಹೇಳಿದಾಗ ಅಯ್ಯನವರು ತಲೆದೂಗಿದರು. ಬಹಳ ತೂಕ ಬಂತು ಎಂದರು. ನಾನೂ ಹೌದೆಂದುಕೊಂಡೆ.

ಕಚೇರಿ ಯಾವುದು, ಅಧಿಕಾರಿ ಯಾರು ಎಂದು ನಾನು ಹೇಳುವುದಿಲ್ಲ. ಅಲ್ಲಿ ನನಗೆ ಇನ್ನೂ ಹತ್ತು ಜನರ ಕೆಲಸ ಬಾಕಿ ಇದೆ. ಮೈಸೂರು ಕಡೆಯ ಚಿಕ್ಕ ವಯಸ್ಸಿನ ಮನುಷ್ಯ, ಬಂದು ಮೂರು ತಿಂಗಳಾಗಿತ್ತು. ಕೆಟ್ಟವನಲ್ಲ. ಅಯ್ಯನವರನ್ನು ನೋಡಿ ಎದ್ದು ನಿಂತು ನಮಸ್ಕಾರ ಮಾಡಿ ಕುರ್ಚಿ ತೋರಿಸಿದ. ಅರ್ಜಿ ಓದುತ್ತಾ ಓದುತ್ತಾ ಒಂದು ಕಡೆ ಅವನ ಬೆರಳು ನಿಂತಿತು. ಕತ್ತೆತ್ತಿ ಅಯ್ಯನವರ ವಿಭೂತಿಯನ್ನು ನೋಡಿದ, ಮತ್ತೆ ಅರ್ಜಿ ನೋಡಿದ.

"ವರ್ಷಕ್ಕೆ ಎಷ್ಟು ಹೊಡೀತೀರಾ?" ಎಂದು ಕೇಳಿದ.

"ಎಣಿಸಿಲ್ರಿ ಸಾಹೇಬ್ರ. ಐವತ್ತೋ ಅರವತ್ತೋ ಆಗಬೌದು."

"ಹೊಡೆದ ಮೇಲೆ ಏನ್ ಮಾಡ್ತೀರಾ?"

"ಮನಿಗೆ ಬಂದು ಜಳಕಾ ಮಾಡಿ ಪೂಜಿಗೆ ಕುಂದರ್ತೀನ್ರಿ."

ಆ ಅಧಿಕಾರಿಯ ಮುಖ ಕಪ್ಪಿಟ್ಟಿತು. ನನಗೆ ಆಗ ಹೊಳೆಯಿತು, ತಡವಾಗಿ. ಎದ್ದು ನಿಂತು, ಸರ್, ನಮ್ಮ ಕಡೆ ಹೊಡೆಯುವುದು ಎಂದರೆ ಓಡಿಸುವುದು, ಅಟ್ಟುವುದು, ಕೊಲ್ಲುವುದಲ್ಲ ಎಂದು ಬಡಬಡಿಸಿದೆ. ದನ ಹೊಡೆಯುವುದನ್ನು ಹೇಳಿದೆ, ಹಕ್ಕಿ ಹೊಡೆಯುವುದನ್ನು ಹೇಳಿದೆ. ಈ ಬಂದೂಕಿನಲ್ಲಿ ಗುಂಡೇ ಹಾಕುವುದಿಲ್ಲ ಎಂದೆ. ಗುಂಡು ಹಾಕದ ಬಂದೂಕಿಗೆ ಲೈಸೆನ್ಸ್ ಯಾಕೆ ಎಂದ. ಪಟಾಕಿ ಹಚ್ಚಬಹುದಲ್ಲ ಎಂದ. ನಮ್ಮೂರಲ್ಲಿ ಬಂದೂಕನ್ನು ಬ್ಯಾಂಕಿನ ಬಾಗಿಲಲ್ಲಿ ಬಿಟ್ಟರೆ ಅರಮನೆಯ ಗೋಡೆಯ ಮೇಲೆ ಮಾತ್ರ ನೋಡಿದ್ದೇನೆ, ಮನೆಮನೆಯಲ್ಲಿ ಇಟ್ಟುಕೊಳ್ಳುವ ವಸ್ತುವೇನು ಅದು ಎಂದು ಕೇಳಿದ. ಮಾತಿನಲ್ಲಿ ಸೊಕ್ಕು ಇರಲಿಲ್ಲ, ನಿಜಕ್ಕೂ ಅವನಿಗೆ ಅರ್ಥವಾಗಿರಲಿಲ್ಲ. ನಾನು ಮತ್ತೆ ಹೊಡೆಯುವುದರ ಅರ್ಥ ಶುರು ಮಾಡಿದೆ.

"ನನಗೂ ಕನ್ನಡ ಬರುತ್ತೆ ಕಣ್ರೀ," ಎಂದ.

ಅಲ್ಲಿಗೆ ಮುಗಿಯಿತು. ಒಂದು ತಿಂಗಳಿಗೆ ಆದೇಶ ಬಂತು. 'ವನ್ಯಜೀವಿಗಳನ್ನು ಬೇಟೆಯಾಡಿರುವುದನ್ನು ಅರ್ಜಿದಾರರೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಆಯುಧವನ್ನು ಠಾಣೆಯಲ್ಲಿಯೇ ಉಳಿಸಿಕೊಳ್ಳತಕ್ಕದ್ದು.' ಪ್ರತಿ ಅರಣ್ಯದವರಿಗೆ, ಪ್ರತಿ ಗ್ರಾಮ ಪಂಚಾಯಿತಿಗೆ. ಪಂಚಾಯಿತಿಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಊರಿನವರಿಗೆ ಅದು ದೊಡ್ಡ ತಮಾಷೆ. ಅಯ್ನೋರ, ನಮಗೊಂದು ಹಂದಿ ತೊಡಿ ಕಳಿಸಬೇಕಿತ್ತು ಎಂದು ಕಟ್ಟೆಯ ಮೇಲಿನ ಹುಡುಗರು ಕೂಗಿದರು. ಊರಿನವರಿಗೆ ಸತ್ಯ ಗೊತ್ತು, ಅವರ ತಮಾಷೆ ಒಂದು ವಾರದ್ದು. ಆದರೆ ಗೃಹಪ್ರವೇಶಕ್ಕೆ ಇವರಿಗೆ ಹೇಳಿದ್ದ ಹರಪನಹಳ್ಳಿ ಪೇಟೆಯ ಒಂದು ಮನೆಯವರು ಬೇರೆ ಅಯ್ಯನವರನ್ನು ಕರೆಸಿದರು. ಪೇಟೆಯವರಿಗೆ ಸರ್ಕಾರಿ ಕಾಗದದಲ್ಲಿ ಇದ್ದದ್ದೇ ಸತ್ಯ. ಅವತ್ತು ಅಯ್ಯನವರು ನನ್ನ ಮೇಜಿಗೆ ಬಂದು, ಆದೇಶವನ್ನು ಇನ್ನೊಮ್ಮೆ ಓದಿಸಿ ಕೇಳಿ, ಅರ್ಜಿ ಬರೆದ ಕೂಲಿ ಎಷ್ಟಾಯಿತು ಎಂದು ವಿಚಾರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ಸುಮ್ಮನಿರಲಿಲ್ಲ. 'ಹೊಡೆದಿರುತ್ತೇನೆ ಎಂಬುದನ್ನು ಓಡಿಸಿರುತ್ತೇನೆ ಎಂದು ಓದಿಕೊಳ್ಳಬೇಕಾಗಿ ವಿನಂತಿ' ಎಂದು ಎರಡನೆಯ ಅರ್ಜಿ ಬರೆದೆ. ಹೈಸ್ಕೂಲಿನ ಲೈಬ್ರರಿಗೆ ಹೋಗಿ ನಿಘಂಟು ತೆಗೆಸಿ, ಆ ಪದಕ್ಕೆ 'ದನ ಮುಂತಾದವನ್ನು ಅಟ್ಟು' ಎಂಬ ಅರ್ಥವೂ ಇದೆ ಎಂದು ಕೆಂಪು ಗೀಟು ಎಳೆದು ಜೆರಾಕ್ಸ್ ಲಗತ್ತಿಸಿದೆ. ಎಂಟು ಹೊಲದವರ ಸಹಿ ಹಾಕಿಸಿದೆ, ಸಹಿ ಬಾರದವರ ಹೆಬ್ಬೆಟ್ಟು ಒತ್ತಿಸಿದೆ. ಬಂದ ಉತ್ತರ ಒಂದು ಸಾಲಿನದು: ಒಮ್ಮೆ ನೀಡಿದ ಹೇಳಿಕೆಯನ್ನು ಬದಲಾಯಿಸಲು ಅವಕಾಶವಿಲ್ಲ. ಮೇಲ್ಮನವಿ ಹಾಕಿದೆ. ಅದು ಬೆಂಗಳೂರಿಗೆ ಹೋಯಿತು, ಹೋದದ್ದು ಹೋಯಿತು. ಪ್ರಬುದ್ಧ ಕೂಡ, ನೀನು ಯಾಕೆ ಇಷ್ಟು ಒದ್ದಾಡುತ್ತೀ, ಒಂದು ಬಂದೂಕು ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ ಎಂದ. ಅವನಿಗೆ ಏನು ಹೇಳಲಿ? ನನಗೆ ಬೇಕಾದದ್ದು ಬಂದೂಕಲ್ಲ, ಮುಂದಿನ ತೆನೆಗೆ ಹಾಲು ತುಂಬುವುದರೊಳಗೆ ಆ ಢಂ ಎನ್ನುವ ಸಪ್ಪಳ ಗುಡ್ಡಕ್ಕೆ ವಾಪಸು ಬರಬೇಕಿತ್ತು.

ಬರಲಿಲ್ಲ. ಎರಡು ಸಾವಿರನೇ ಇಸವಿಯ ಆಗಸ್ಟ್ ಬಂತು, ಮೆಕ್ಕೆಜೋಳ ತೆನೆ ಬಿಟ್ಟಿತು, ಬಂದೂಕು ಚೀಟಿ ಕಟ್ಟಿಸಿಕೊಂಡು ಠಾಣೆಯ ಉಗ್ರಾಣದಲ್ಲೇ ಇತ್ತು. ಅಯ್ಯನವರು ಮೊದಲು ಎಣ್ಣೆ ಡಬ್ಬಿ ಬಡಿದರು. ಮೂರು ದಿನಕ್ಕೆ ಹಂದಿಗಳಿಗೆ ಡಬ್ಬಿ ರೂಢಿಯಾಯಿತು. ಆ ಅಧಿಕಾರಿ ಹೇಳಿದನಲ್ಲ ಎಂದು ಪಟಾಕಿ ಹಚ್ಚಿದರು, ಮಳೆಗೆ ಪಟಾಕಿ ಮೆತ್ತಗಾದವು. ಹಳೆಯ ಸೀರೆ ಕಟ್ಟಿದರು, ಬೆದರುಬೊಂಬೆ ನಿಲ್ಲಿಸಿದರು. ಬೆದರುಬೊಂಬೆಯ ಕಾಲ ಬುಡದಲ್ಲೇ ಹಂದಿಗಳು ಹೊರಳಾಡಿದ್ದವು. ಅರವತ್ತೆರಡರ ಮನುಷ್ಯ ದಿನಾ ನಿದ್ದೆಗೆಟ್ಟು ಕಣ್ಣು ಕೆಂಡವಾಗಿತ್ತು. ನಾಗಲಿಂಗಮ್ಮ ಬೆಳಗ್ಗೆ ಬುಟ್ಟಿ ಹಿಡಿದು ಹೋಗಿ ಕೆಸರಿನಲ್ಲಿ ತುಳಿದ ಹಸಿ ತೆನೆಗಳನ್ನು ಆರಿಸಿ ಎಮ್ಮೆಗೆ ತರುತ್ತಿದ್ದರು.

ಪಕ್ಕದ ಎರಡೆಕರೆಯ ಹುಲುಗಣ್ಣ ಮೊದಲೇ ಹೇಳಿದ್ದ, ತಂತಿ ಎಳೆಯೋಣ ಎಂದು. ಬದುವಿನ ಮೇಲೆ ಗೂಟ ನೆಟ್ಟು, ಮೊಣಕಾಲೆತ್ತರಕ್ಕೆ ಬರಿ ತಂತಿ ಕಟ್ಟಿ, ಪಂಪ್‌ಸೆಟ್ಟಿನ ಕರೆಂಟು ಬಿಡುವುದು. ಬಂದೂಕಿನ ಸಪ್ಪಳ ನಿಂತ ವರ್ಷ ಸುತ್ತಲಿನ ಮೂರು ಹೊಲದಲ್ಲಿ ಹೀಗೆ ಮಾಡಿದ್ದರು. ಇದಕ್ಕೆ ಲೈಸೆನ್ಸ್ ಬೇಡ, ಚುನಾವಣೆಗೆ ಒಪ್ಪಿಸುವುದೂ ಬೇಡ. ಆದರೆ ಹುಲುಗಣ್ಣನ ಹೊಲಕ್ಕೆ ಕರೆಂಟು ಹೋಗಬೇಕಾದರೆ ಅಯ್ಯನವರ ಬೋರಿನ ಸ್ಟಾರ್ಟರ್ ಪೆಟ್ಟಿಗೆಯಿಂದಲೇ ಹೋಗಬೇಕು, ಅದರ ಬೀಗದ ಕೈ ಇದ್ದದ್ದು ಲಿಂಗದ ಕರಡಿಗೆಯಂತೆ ಸದಾ ಮೈಮೇಲೆ ಇರುತ್ತಿದ್ದ ಅಯ್ಯನವರ ಉಡಿದಾರದಲ್ಲಿ. ಹದಿನೈದು ದಿನ ಅವರು ಆಗುವುದಿಲ್ಲ ಎಂದರು. ಹುಲುಗಣ್ಣ ಜಗಳ ಮಾಡಿದ. ನಿಮ್ಮ ಬಂದೂಕು ನಂಬಿ ನಾವು ಕೆಟ್ಟೆವು, ಈಗ ನಿಮ್ಮ ಧರ್ಮ ನಂಬಿ ಕೆಡಬೇಕೇ ಎಂದ. ಮರುದಿನ ಅವನು ಬದುವಿನ ಮೇಲೆ ಗೂಟ ನೆಡುವಾಗ ಅಯ್ಯನವರು ತಡೆಯಲಿಲ್ಲ.

ಸೆಪ್ಟೆಂಬರ್‌ನ ಒಂದು ಬೆಳಗ್ಗೆ ನನಗೆ ಹೇಳಿಕಳಿಸಿದ್ದು ನಾಗಲಿಂಗಮ್ಮ. ಮೊದಲ ಬಸ್ಸು ಹತ್ತಿ ಹೋದೆ. ಹೊಲದ ಬದುವಿನ ಹತ್ತಿರ ಜನ ಸೇರಿದ್ದರು. ತಂತಿಗೆ ಮೈ ತಾಗಿಸಿಕೊಂಡು ಒಂದು ಹೆಣ್ಣುಹಂದಿ ಸತ್ತು ಬಿದ್ದಿತ್ತು, ಹಾಲು ಕುಡಿಸುತ್ತಿದ್ದ ಹಂದಿ. ಸ್ವಲ್ಪ ದೂರದಲ್ಲಿ ಗೀಟು ಗೀಟಿನ ಮೈಯ ನಾಲ್ಕು ಮರಿ ನಿಂತಿದ್ದವು. ಅಯ್ಯನವರು ಹೆಗಲ ಮೇಲಿನ ವಸ್ತ್ರ ಬೀಸಿ ಹುಶ್ ಹುಶ್ ಎಂದು ಅವುಗಳನ್ನು ಗುಡ್ಡದ ಕಡೆ ಹೊಡೆಯುತ್ತಿದ್ದರು. ಎಷ್ಟು ಹೊಡೆದರೂ ಅವು ನಾಲ್ಕು ಮಾರು ಹೋಗಿ ತಿರುಗಿ ಬರುತ್ತಿದ್ದವು.

ಅರಣ್ಯದ ಗಾರ್ಡು ಆಗಲೇ ಬಂದಿದ್ದ. ಅವನ ಚೀಲದಲ್ಲಿ ಹಳೆಯ ಆದೇಶದ ಪ್ರತಿ ಇತ್ತು, ನಾನು ನೋಡಿದೆ. ಹುಲುಗಣ್ಣ ಒಂದು ಕಥೆ ತಯಾರು ಮಾಡಿಕೊಂಡಿದ್ದ: ಗಾಳಿಗೆ ಸರ್ವಿಸ್ ವೈರು ಹರಿದು ಬೇಲಿಯ ಮೇಲೆ ಬಿತ್ತು, ಹಂದಿ ತಾನಾಗಿ ತಾಗಿತು. ಒಳ್ಳೆಯ ಕಥೆ. ಗಾರ್ಡಿಗೂ ಅದು ಸಾಕಿತ್ತು. ಅವನೂ ಇದೇ ಕಡೆಯವನು, ಅಯ್ಯನವರ ಕೈಯಿಂದಲೇ ತನ್ನ ಮನೆಯ ಗೃಹಪ್ರವೇಶ ಮಾಡಿಸಿದವನು. ನನಗೆ ಕಾಗದ ಕೊಟ್ಟು, ನೀವೇ ಬರಕೊಡ್ರಿ ಎಂದ. ನಾನು ಅಯ್ಯನವರನ್ನು ಬದಿಗೆ ಕರೆದು ಕಿವಿಯಲ್ಲಿ ಹೇಳಿದೆ. ಗಾಳಿ ಎಂದು ಬರೆಯುತ್ತೇನೆ, ಸಹಿ ಹಾಕಿಬಿಡಿ, ಏನೂ ಆಗುವುದಿಲ್ಲ ಎಂದೆ. ಅವರು ಮರಿಗಳನ್ನೇ ನೋಡುತ್ತಿದ್ದರು. ರಾತ್ರಿ ಬೀಗ ತೆಗೆದದ್ದು ನೀವೇನಾ ಎಂದು ಕೇಳಿದೆ. ಹೌದೆಂದರು. ಬೀಗದ ಕೈಯನ್ನು ಹುಲುಗಣ್ಣನಿಗೆ ಕೊಡಲಿಲ್ಲವಂತೆ, ಪಾಪ ಅವನ ತಲೆಗೆ ಯಾಕೆ ಎಂದು ತಾವೇ ಹೋಗಿ ಸ್ಟಾರ್ಟರ್ ಒತ್ತಿದರಂತೆ.

ಗಾರ್ಡು ಕಾಗದದ ಕಡೆ ನೋಡುತ್ತಾ ರೂಢಿಯ ಪ್ರಶ್ನೆ ಕೇಳಿದ, ಹಂದಿ ಯಾರು ಹೊಡೆದದ್ದು ಎಂದು. ಹುಲುಗಣ್ಣ ಬಾಯಿ ತೆರೆಯುವ ಮುಂಚೆ ಅಯ್ಯನವರು ಉತ್ತರ ಕೊಟ್ಟರು.

"ನಾನ ಹೊಡದೀನಿ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಾಗೇಂದ್ರಪ್ಪ, ಈ ಸಲ ಆ ಸಾಹೇಬ್ರ ಕನ್ನಡದಾಗ ಬರಿ."

ನಾಗಲಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಗಾರ್ಡು ಬೇಡ ಎನ್ನುವಂತೆ ನನಗೆ ಕೈ ಮಾಡಿದ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕು ಎಂದೇ ತಿಳಿಯಲಿಲ್ಲ, ಎದುರಿಗೆ ಇದ್ದವರಲ್ಲಿ ಒಬ್ಬರೂ ಅದಕ್ಕೆ ಸಿಗುವಂತಿರಲಿಲ್ಲ. ಅಯ್ಯನವರು ಕೈ ಚಾಚಿ ಕಾಯುತ್ತಿದ್ದರು, ಸಹಿಗೆ.

ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ನಾನು ಬರೆದೆ. ಅಸಂಖ್ಯ ಎಂದು ಬರೆಯಲಿಲ್ಲ. ಒಂದು ಎಂದು ಬರೆದೆ.